ಮಂಗಳವಾರದ ಬಿಳಿ

ಸಾದಲಿ, ಶಿಡ್ಲಘಟ್ಟ ತಾಲ್ಲೂಕು
೫ ಅಕ್ಟೋಬರ್ ೨೦೦೫, ಬುಧವಾರ

ಅಪ್ಪನಿಗೆ ನಮಸ್ಕಾರ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಸಮಸ್ತ ಕಲಾಭಿಮಾನಿಗಳಿಗೂ, ಕಲೆಯೆಂದರೆ ಮುಖ ಸಿಂಡರಿಸುವ ಉಳಿದ ಮಹಾಜನತೆಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನನ್ನ ಸ್ಟುಡಿಯೋದ ಸ್ಟೂಲು ಅಲ್ಲಾಡುವುದನ್ನು ನಿಲ್ಲಿಸಿದೆ.

ನಗಬೇಡ. ನಾಲ್ಕು ತಿಂಗಳಿಂದ ನಾನು ಒಂದು ಗೆರೆ ಎಳೆದರೆ ಸ್ಟೂಲು ಇನ್ನೊಂದು ಎಳೆಯುತ್ತಿತ್ತು. ಮುಗಿದಿರುವ ಮೂರು ಚಿತ್ರಗಳಲ್ಲಿ ಅರ್ಧ ಪಾಲು ಅದರದೇ. ನಿನ್ನೆ ಮಂಗಳವಾರ ಎಂದಿನಂತೆ ಚಿಂತಾಮಣಿಯ ಶಾಲೆಗೆ ಡ್ರಾಯಿಂಗ್ ಪಾಠಕ್ಕೆ ಹೋಗಿ, ಸಂಜೆ ಬಂದು ಕೂತರೆ ಬಂಡೆಯ ಮೇಲೆ ಕೂತ ಹಾಗಿದೆ. ಬಗ್ಗಿ ನೋಡಿದೆ. ಗಿಡ್ಡ ಕಾಲಿಗೆ ಬೆಣೆ ಹೊಡೆದು, ಅದರ ಅಂಚನ್ನೂ ಉಜ್ಜಿ ನಯ ಮಾಡಿದ್ದಾರೆ. ನಾನು ಮಾಡಿಲ್ಲ. ಸ್ಟೂಲು ತಾನಾಗಿ ಮಾಡಿಕೊಂಡಿರಲಾರದು. ಅಂದಮೇಲೆ ನಾನಿಲ್ಲದಾಗ ಯಾರೋ ಒಳಗೆ ಬಂದಿದ್ದಾರೆ.

ಅನುಮಾನಿತರು ಇಬ್ಬರು. ಮೊದಲನೆಯವರು ಈ ಹುಳುಮನೆಯ ಒಡತಿ ಶ್ಯಾಮಲಮ್ಮ. ಮೊಣಕಾಲು ನೋವಿನಿಂದ ದೊಡ್ಡ ಬೆಳೆ ಬಿಟ್ಟು, ರೇಷ್ಮೆಹುಳುವಿನ ಈ ಉದ್ದನೆಯ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟವರು. ಬಾಡಿಗೆ ಕೇಳಲು ಹೋದ ದಿನ "ಯಾವ ಕಡೆಯೋರಮ್ಮಾ?" ಎಂದರು. ಗೌರಿಬಿದನೂರು ಕಡೆಯವರು ಎಂದೆ. "ಅದಲ್ಲಮ್ಮಾ..." ಎಂದು ಎಳೆದರು. ನಾನು ಹೇಳಿದೆ. ಎರಡು ದಿನ ಯೋಚನೆ ಮಾಡಿ ಬೀಗದ ಕೈ ಕೊಟ್ಟರು. ಆ ಎರಡು ದಿನಗಳನ್ನು ನಾನಿನ್ನೂ ಮರೆತಿಲ್ಲ. ಇನ್ನೊಂದು ಬೀಗದ ಕೈ ಅವರ ಸೊಂಟದಲ್ಲೇ ಇದೆ.

ಎರಡನೆಯವನು ಅವರ ಅಕ್ಕನ ಮಗ ಮೋಹನ್‌ಬಾಬು. ಶಿಡ್ಲಘಟ್ಟದಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಚಿಕ್ಕಮ್ಮನನ್ನು ನೋಡಲು ಬರುವವನು ಕುತ್ತಿಗೆಗೆ ಡಿಜಿಟಲ್ ಕ್ಯಾಮೆರಾ ನೇತುಹಾಕಿಕೊಂಡು ಯಾಕೆ ಬರಬೇಕು, ನೀನೇ ಹೇಳು.

ಮರೆತಿದ್ದರೆ ನೆನಪಿಸುತ್ತೇನೆ. ನಾನು ಡ್ರಾಯಿಂಗ್ ಮೇಡಂ ಕಾಯಂ ಕೆಲಸ ಬೇಡವೆಂದ ದಿನ, ಮನೆಯಲ್ಲಿ ಬುದ್ಧನ ಪಟದ ಮುಂದೆ, ಅಕ್ಕಪಕ್ಕದ ಮೂರು ಮನೆಗಳಿಗೆ ಕೇಳುವಂತೆ ನೀನು ಶಪಥ ಮಾಡಿದೆ: "ಹನ್ನೆರಡು ಚಿತ್ರ ಮುಗಿಸೋ ತನಕ ನಿನ್ನ ಹತ್ರ ಮಾತಾಡಲ್ಲ, ನಿನ್ನ ಹೊಸ್ತಿಲು ತುಳಿಯಲ್ಲ." ಬರೆಯಲ್ಲ ಎಂದು ಹೇಳಲಿಲ್ಲ. ಆ ಸಂದಿನಲ್ಲೇ ಈ ಕಾಗದ ತೂರಿಸುತ್ತಿದ್ದೇನೆ. ಹನ್ನೆರಡು ಎಂದು ಮೊದಲು ಹೇಳಿದ್ದು ಬೆಂಗಳೂರಿನ ಗ್ಯಾಲರಿಯ ಮೇಡಂ. ಫೆಬ್ರವರಿ ಕೊನೆಗೆ ಬಂದು ನೋಡುತ್ತಾರೆ. ಹನ್ನೆರಡಿದ್ದರೆ ಪ್ರದರ್ಶನ, ಇಲ್ಲದಿದ್ದರೆ ಟೀ. ನಾಲ್ಕು ತಿಂಗಳಿಗೆ ಮೂರು ಎಂಬ ಲೆಕ್ಕದಲ್ಲಿ ನನಗೆ ಟೀ ಖಾತ್ರಿ. ಚಿತ್ರ ಬರೆಯುವುದಕ್ಕಿಂತ ಚೌಕಟ್ಟಿಗೆ ಬಟ್ಟೆ ಬಿಗಿದು ಬಿಳಿ ಬಳಿಯುವುದರಲ್ಲೇ ವಾರ ಕಳೆಯುತ್ತದೆ. ಬಿಳಿ ಒಣಗುವಷ್ಟರಲ್ಲಿ ನನ್ನ ಉತ್ಸಾಹವೂ ಒಣಗಿರುತ್ತದೆ.

ಅಮ್ಮ ಹೇಗಿದ್ದಾಳೆ?

ಇತಿ, ಗಟ್ಟಿಯಾಗಿ ಕೂತಿರುವ ಮಗಳು
ತನುಜ

*

ಗೌರಿಬಿದನೂರು
೧೪ ಅಕ್ಟೋಬರ್ ೨೦೦೫

ಚಿ. ಸೌ. ಅಲ್ಲದ, ಆದರೂ ಚಿ. ತನುಜಳಿಗೆ ಆಶೀರ್ವಾದ.

ನಿನ್ನ ಸ್ಟೂಲಿನ ವಿಷಯ ಓದಿ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆಯಬೇಕೆಂದಿದ್ದೆ. ನಿಮ್ಮಮ್ಮ ಕೊಂಡಮ್ಮ ತಡೆದಳು. ನಾನು ಈ ಊರಿನಲ್ಲಿ ಮೂವತ್ತೆಂಟು ವರ್ಷ ಬೋರ್ಡು ಬರೆದಿದ್ದೇನೆ, ಏಣಿಯ ಮೇಲೆ ನಿಂತು. ಏಣಿ ಅಲ್ಲಾಡುತ್ತದೆ ಎಂದು ಒಂದು ದಿನವೂ ಯಾರಿಗೂ ಕಾಗದ ಹಾಕಿಲ್ಲ.

ಆದರೂ ವಿಷಯ ಗಂಭೀರವಾಗಿದೆ. ನನ್ನ ಅನುಮಾನ ಆ ಫ್ಲೆಕ್ಸಿನವನ ಮೇಲೆಯೇ. ಕೈಯಲ್ಲಿ ಒಂದು 'ಅ' ಬರೆಯಲು ಬಾರದವನು ಏನು ಬೇಕಾದರೂ ಮಾಡಿಯಾನು. ಇವತ್ತು ಸ್ಟೂಲು ಸರಿ ಮಾಡುತ್ತಾನೆ, ನಾಳೆ ಚಿತ್ರದ ಫೋಟೋ ಹೊಡೆದು ಯಾರದೋ ಹುಟ್ಟುಹಬ್ಬದ ಬ್ಯಾನರಿನ ಹಿಂದೆ ಹಾಕುತ್ತಾನೆ. ಮುದುಕಿಯನ್ನು ಬಿಡು, ಪಾಪ, ವಯಸ್ಸಾದವಳು. ಅವನ ಮೇಲೆ ಕಣ್ಣಿಡು.

ನಿನ್ನ ಸ್ಟುಡಿಯೋ ಅಭ್ಯಾಸದ ಬಗ್ಗೆ, ನೀನು ಕೇಳದಿದ್ದರೂ, ಎರಡು ಮಾತು. ಸಂಜೆ ಕೆಲಸ ಮುಗಿಸಿ ಏಳಬೇಡ. ಅರ್ಧಕ್ಕೆ ಬಿಟ್ಟು ಏಳು. ನಾನು 'ಪ್ರಾವಿಷನ್ ಸ್ಟೋರ್' ಬರೆಯುವಾಗ 'ಸ್ಟೋ'ದ ಕೊಂಬು ಬಿಟ್ಟು ಮನೆಗೆ ಬರುತ್ತಿದ್ದೆ. ಬೆಳಗ್ಗೆ ಅದು "ಬಾರಪ್ಪ ಗಂಗರಾಜು" ಎಂದು ದೂರದಿಂದಲೇ ಕರೆಯುತ್ತಿತ್ತು. ಮುಗಿಸಿದ ಬೋರ್ಡು ಯಾರನ್ನೂ ಕರೆಯುವುದಿಲ್ಲ. ಎರಡನೆಯದು, ಬ್ರಷ್ಷು ತೊಳೆಯದೆ ಊಟ ಮಾಡಬೇಡ.

ನನಗೆ ಬಿಡುವಿಲ್ಲ. ಮಂಚೇನಹಳ್ಳಿ ಕಡೆಯ ಒಂದು ಶಾಲೆಯವರು ಹದಿನೆಂಟು ಬೋರ್ಡು ಹೇಳಿದ್ದಾರೆ. ಅದಕ್ಕೇ ಕಾಗದ ಚಿಕ್ಕದು.

ಮಾತಾಡದ ನಿನ್ನ ಅಪ್ಪ
ಗಂಗರಾಜು

*

ಸಾದಲಿ
೯ ನವೆಂಬರ್ ೨೦೦೫, ಬುಧವಾರ

ಅಪ್ಪನಿಗೆ,

ಪ್ರಕರಣ ಬಿಗಡಾಯಿಸಿದೆ. ಈಗ ಕಳ್ಳ ಏನನ್ನೂ ಒಯ್ಯುವುದಿಲ್ಲ, ಇಟ್ಟುಹೋಗುತ್ತಾನೆ. ಇಂಥ ಕಳ್ಳತನಕ್ಕೆ ಯಾವ ಠಾಣೆಯಲ್ಲಿ ದೂರು ಕೊಡಬೇಕೋ ತಿಳಿಯದು.

ಮೂಲೆಯಲ್ಲಿ ಬಟ್ಟೆ ಬಿಗಿದ ಬರೀ ಚೌಕಟ್ಟುಗಳನ್ನು ಒಂದರ ಹಿಂದೊಂದು ಗೋಡೆಗೆ ಒರಗಿಸಿಟ್ಟಿರುತ್ತೇನೆ. ಪ್ರತಿ ಮಂಗಳವಾರ ಸಂಜೆ ಬಂದು ನೋಡಿದರೆ ಅದರಲ್ಲೊಂದಕ್ಕೆ ಬಿಳಿ ಬಳಿದಿರುತ್ತದೆ. ಎಂಥ ಬಿಳಿ ಗೊತ್ತೇ? ಬೆರಳಾಡಿಸಿದರೆ ಮಜ್ಜಿಗೆಯ ಮೇಲಿನ ಬೆಣ್ಣೆ. ಮೊದಲ ವಾರ ಹೆದರಿ ಮುಟ್ಟಲಿಲ್ಲ. ಎರಡನೆಯ ವಾರ ಅದರ ಮೇಲೆ ಬರೆದೇಬಿಟ್ಟೆ. ಈಗ ಆರು ಚಿತ್ರ ಆಗಿವೆ. ಅನುಮಾನ ಒಂದು ಕಡೆ, ಕೆಲಸ ಒಂದು ಕಡೆ, ಎರಡೂ ಪೈಪೋಟಿಯಲ್ಲಿ ಬೆಳೆಯುತ್ತಿವೆ.

ಎರಡು ವಾರದ ಹಿಂದೆ ಬಲೆ ಹಾಕಿದೆ. ಹೊಸ್ತಿಲ ಒಳಗೆ ನೆಲಕ್ಕೆ ರಂಗೋಲಿ ಪುಡಿ ತೆಳ್ಳಗೆ ಉದುರಿಸಿ ಚಿಂತಾಮಣಿ ಬಸ್ಸು ಹತ್ತಿದೆ. ಸಂಜೆ ಬಂದರೆ ಹೆಜ್ಜೆ ಗುರುತು ಇದ್ದದ್ದು ಒಬ್ಬರದೇ, ನೋಯುವ ಕಾಲನ್ನು ಎಳೆದ ಗೆರೆ ಸಮೇತ. ಒಳಗೆ ಹೋಗಿದೆ, ಮೂಲೆಯವರೆಗೆ ಹೋಗಿದೆ, ಹೊರಗೆ ಬಂದಿದೆ, ಮತ್ತೆ ಒಳಗೆ ಹೋಗಿದೆ. ಬೇರೆ ಯಾರೂ ಹೊಸ್ತಿಲು ದಾಟಿಲ್ಲ. ಅಂದರೆ ಶ್ಯಾಮಲಮ್ಮ ನನ್ನ ಚೌಕಟ್ಟುಗಳನ್ನು ಜಗಲಿಗೆ ಹೊತ್ತು ತಂದು ಯಾರಿಗೋ ಕೊಡುತ್ತಿದ್ದಾರೆ. ಜಗಲಿಯಲ್ಲಿ ಬೆಳಕು ಚೆನ್ನಾಗಿದೆ. ಫೋಟೋ ಹೊಡೆಯಲು ಹೇಳಿ ಮಾಡಿಸಿದ ಜಾಗ.

ಹೋಗಿ ಕೇಳಿದೆ. ಅವರ ಮನೆಯೊಳಗೆ ಈಗ ಒಂದು ಚಿಕ್ಕ ಬೆಳೆ ಹುಳು ಇದೆ, ಸೊಪ್ಪು ಹಾಕುತ್ತಿದ್ದರು. ಉತ್ತರ ಎಂದಿನಂತೆ ತೆಲುಗು ಬೆರೆತ ಕನ್ನಡದಲ್ಲಿ.

"ಶ್ಯಾಮಲಮ್ಮನವರೇ, ಮಂಗಳವಾರ ನಾನಿಲ್ಲದಾಗ ಅಲ್ಲಿಗೆ ಯಾರು ಬರ್ತಾರೆ?"

"ಎವರು ಬರ್ತಾರಮ್ಮಾ? ಇರುವೆ ಬರ್ತವೆ. ಅದಕ್ಕೇ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಲು ಇಡು ಅಂದಿದ್ದು."

"ಇರುವೆ ಬಟ್ಟೆಗೆ ಬಿಳಿ ಹೊಡೀತಾವಾ?"

"ಹೊಡೆದಿರೋದು ಚೆನ್ನಾಗಿದೆಯೋ ಇಲ್ವೋ, ಅದು ಹೇಳು."

"ಚೆನ್ನಾಗಿದೆ."

"ಚೆನ್ನಾಗಿದ್ರೆ ಸುಮ್ನೆ ಬರಕೋ ಪೋ. ನಮ್ಮ ಹುಳ ಯಾವತ್ತಾದ್ರೂ ಸೊಪ್ಪು ಕೊಯ್ದೋರು ಯಾರು ಅಂತ ಕೇಳಿದ್ದಾವಾ? ತಿಂತವೆ, ಗೂಡು ಕಟ್ತವೆ."

ಆಮೇಲೆ ನನ್ನನ್ನೇ ವಿಚಾರಣೆಗೆ ಎಳೆದರು. "ನೀನು ಒಂದಿನ ದಿನಪೂರ್ತಿ ಬರೀತೀಯ, ಮೂರು ದಿನ ಆಕಾಶ ನೋಡ್ತೀಯ. ಹುಳಕ್ಕೆ ಹಂಗೆ ಮಾಡಿದ್ರೆ ಸಾಯ್ತವೆ ತಾಯಿ. ಸೊಪ್ಪು ನಾಲ್ಕು ಹೊತ್ತು. ಮನಸ್ಸಿದ್ರೂ ನಾಲ್ಕು, ಇಲ್ದಿದ್ರೂ ನಾಲ್ಕು." ಸೋತು ಬಂದೆ. ಬಂದವಳು ನಾಲ್ಕು ಹೊತ್ತಿನ ಪಾಳಿ ಹಾಕಿಕೊಂಡಿದ್ದೇನೆ. ಕೈ ಓಡದ ಹೊತ್ತಿನಲ್ಲಿ ಬಣ್ಣವನ್ನಾದರೂ ಅರೆಯುತ್ತೇನೆ. ನಿನ್ನ ಅರ್ಧ ಕೊಂಬಿನ ಉಪಾಯವೂ ನಡೆಯುತ್ತಿದೆ. ಇದನ್ನು ಹೊಗಳಿಕೆ ಎಂದು ತಿಳಿಯಬೇಡ.

ಮೊನ್ನೆ ಮೋಹನ್‌ಬಾಬು ಕ್ಯಾಮೆರಾ ಸಮೇತ ಸಿಕ್ಕಿದ. "ಇಲ್ಲಿ ಫೋಟೋ ಹೊಡೆದ್ರೆ ಚೆನ್ನಾಗಿರಲ್ಲ" ಎಂದೆ. ಅವನು ಮೇಲೆ ಆಕಾಶ ನೋಡಿ "ಹೌದು ಮೇಡಂ, ಮೋಡ ಐತೆ" ಎಂದು ಹೋದ. ಎಷ್ಟು ನಯವಾದ ನಟನೆ!

ತನುಜ

*

ಗೌರಿಬಿದನೂರು
೨೧ ನವೆಂಬರ್ ೨೦೦೫

ತನುಜಳಿಗೆ,

ಕಾಗದ ತಲುಪಿತು. ನಾಲ್ಕು ಹೊತ್ತಿನ ಪಾಳಿ ಒಳ್ಳೆಯದು. ನಾನು ಹತ್ತು ವರ್ಷದಿಂದ ಹೇಳುತ್ತಿರುವುದನ್ನು ಒಂದು ಹುಳು ಹೇಳಿದರೆ ಕೇಳುತ್ತೀಯ.

ರಂಗೋಲಿ ಪುಡಿ ಹಾಕುವುದು ಬಿಡು. ಧೂಳು ಎದ್ದು ಹಸಿ ಬಣ್ಣಕ್ಕೆ ಅಂಟುತ್ತದೆ. ಬಿಳಿ ಬಳಿಯುವವರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ, ಯಾರೋ ಕೆಲಸವಿಲ್ಲದವರು. ನಿನ್ನ ಗಮನ ಫ್ಲೆಕ್ಸಿನವನ ಮೇಲಿರಲಿ. ನಾನು ಅವನ ಜಾತಿಯನ್ನು ಚೆನ್ನಾಗಿ ಬಲ್ಲೆ. ಜಾತಿ ಎಂದರೆ ಫ್ಲೆಕ್ಸ್ ಜಾತಿ, ತಪ್ಪು ತಿಳಿಯಬೇಡ. ಎಲ್ಲಕ್ಕಿಂತ ಒಳ್ಳೆಯ ಚಿತ್ರ ಯಾವುದೋ ಅದನ್ನು ಮಂಗಳವಾರ ಹೊರಡುವ ಮುಂಚೆ ಅಡಗಿಸಿಡು. ಯಾರೂ ಹುಡುಕದ ಜಾಗದಲ್ಲಿ.

ಇನ್ನೊಂದು. ಚೌಕಟ್ಟು ಮಾಡಿಕೊಡುವ ಆ ಬಡಗಿಯನ್ನು ಬದಲಾಯಿಸು. ಅಡ್ಡಪಟ್ಟಿ ಎಲ್ಲಾ ಸೊಟ್ಟ.

ಹದಿನೆಂಟು ಬೋರ್ಡಿನ ಕೆಲಸ ಭರದಿಂದ ಸಾಗಿದೆ. ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ.

ಗಂಗರಾಜು

*

ಸಾದಲಿ
೪ ಜನವರಿ ೨೦೦೬, ಬುಧವಾರ

ಅಪ್ಪನಿಗೆ,

ಹೊಸ ವರ್ಷದ ಶುಭಾಶಯ. ಒಂದು ಸಂತೋಷ, ಒಂದು ಅನುಮಾನ.

ಸಂತೋಷ ಮೊದಲು. ಹನ್ನೊಂದು ಆಯಿತು! ಹನ್ನೊಂದನೆಯದಕ್ಕೆ, ಉಳಿದವುಗಳ ನಡುನಡುವೆ, ನಲವತ್ತು ದಿನ ಹಿಡಿಯಿತು. ಶ್ಯಾಮಲಮ್ಮನ ಮನೆಯಲ್ಲಿ ಹುಳು ಹಣ್ಣಾಗಿದ್ದವು; ಹಾಗೆಂದರೆ ಸೊಪ್ಪು ಬಿಟ್ಟು, ಮೈ ತಿಳಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವ ದಿನ. ಸುಣ್ಣದ ಗೋಡೆ, ಬಿಳಿ ಕಾಗದ, ಅದರ ಮೇಲೆ ಬಿಳಿ ಹುಳು, ಕಿಟಕಿಯ ಬಲೆಯಿಂದ ಬಂದ ಬಿಳಿ ಬೆಳಕು. ಅದನ್ನೇ ಬರೆದೆ. ಒಂದೇ ಒಂದು ಗಾಢ ಬಣ್ಣವಿಲ್ಲ. ದೂರದಿಂದ ಏನೂ ಇಲ್ಲ, ಹತ್ತಿರ ಹೋದರೆ ಎಲ್ಲವೂ ತೆವಳುತ್ತದೆ. ಶ್ಯಾಮಲಮ್ಮ ಇಣುಕಿ "ಇದಕ್ಕೆ ಇನ್ನೂ ಶುರು ಮಾಡಿಲ್ವಾ?" ಎಂದರು. ನನ್ನ ಕೈಯಿಂದ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಅಪ್ಪ. ಇದನ್ನು ನೋಡಿದರೆ ಗ್ಯಾಲರಿಯವರು ಉಳಿದ ಹತ್ತನ್ನು ಕ್ಷಮಿಸುತ್ತಾರೆ.

ನಿನ್ನ ಮಾತಿನಂತೆ ನಿನ್ನೆ ಅದನ್ನು ಅಡಗಿಸಿಟ್ಟು ಹೋಗಿದ್ದೆ. ಎಲ್ಲಿ ಗೊತ್ತೇ? ಮೂಲೆಯಲ್ಲಿರುವ ಬರೀ ಚೌಕಟ್ಟುಗಳ ನಡುವೆ, ಗೋಡೆಗೆ ಮುಖ ಮಾಡಿ. ಚಿತ್ರ ಕದಿಯಲು ಬಂದವನು ಖಾಲಿ ಬಟ್ಟೆಗಳ ನಡುವೆ ಯಾಕೆ ಹುಡುಕುತ್ತಾನೆ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಸುರಕ್ಷಿತವಾಗಿತ್ತು. ಮುಂದಿನ ಮಂಗಳವಾರವೂ ಅಲ್ಲೇ ಇಡುತ್ತೇನೆ.

ಈಗ ಅನುಮಾನ. ಚಿಕ್ಕಬಳ್ಳಾಪುರದಲ್ಲಿ ರೂಮು ಮಾಡಿಕೊಂಡಿರುವ ನನ್ನ ಗೆಳತಿ ಲಾವಣ್ಯ ರಜಕ್ಕೆ ಗೌರಿಬಿದನೂರಿಗೆ ಹೋಗಿದ್ದಳು. ನಿನ್ನ ಅಂಗಡಿ ಎರಡು ಮಂಗಳವಾರ ಮುಚ್ಚಿತ್ತಂತೆ. ಪಕ್ಕದ ಸೈಕಲ್ ಶಾಪಿನ ಆವಲಪ್ಪನನ್ನು ಕೇಳಿದರೆ "ಮಂಗಳವಾರ ಅವ್ರು ಬೆಳಗ್ಗೇನೇ ಬಸ್ಸು ಹತ್ಬಿಡ್ತಾರೆ, ಎಲ್ಲಿಗೆ ಅಂತ ಹೇಳಲ್ಲ" ಎಂದನಂತೆ. ಮೂವತ್ತೆಂಟು ವರ್ಷದಲ್ಲಿ ನೀನು ಅಂಗಡಿ ಮುಚ್ಚಿದ್ದು ನನ್ನ ಸೋದರಮಾವ ಸತ್ತ ದಿನ ಮಾತ್ರ.

ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಿದ್ದೀಯಾ? ಟರ್ಪೆಂಟೈನ್ ಕುಡಿದ ಶ್ವಾಸಕೋಶ ನಿನ್ನದು. ನನ್ನಿಂದ ಮುಚ್ಚಿಡಬೇಡ. ಶಪಥ ಮಾತಿಗೆ ಮಾತ್ರ. ಕಾಯಿಲೆಯನ್ನು ಬರೆದು ತಿಳಿಸಬಹುದು.

ತನುಜ

*

೧೧ ಜನವರಿ ೨೦೦೬

ಶ್ಯಾಮಲಮ್ಮನವರಿಗೆ,

ಬೀಗದ ಕೈ ನಿಮ್ಮ ಕಿಟಕಿಯ ಮೇಲಿಟ್ಟಿದ್ದೇನೆ. ನೀವು ಸೊಪ್ಪಿಗೆ ಹೋದ ಹೊತ್ತು ನೋಡಿ ಹೋಗುತ್ತಿದ್ದೇನೆ, ಮುಖ ನೋಡಿದರೆ ಏನಾದರೂ ಅಂದುಬಿಟ್ಟೇನು.

ನಿನ್ನೆ ನನ್ನ ಹನ್ನೊಂದನೆಯ ಚಿತ್ರಕ್ಕೆ ಬಿಳಿ ಬಳಿದಿದ್ದಾರೆ. ಒರೆಸಿದರೆ ಕೆಳಗಿನ ಚಿತ್ರವೂ ಎದ್ದು ಬರುತ್ತದೆ. ಬಳಿದವರು ಯಾರೆಂದು ನಾನು ಈಗ ಕೇಳುವುದಿಲ್ಲ. ಉಳಿದ ಬಟ್ಟೆಗಳು ಒಣಗಿದ ಮೇಲೆ ನೋಡುತ್ತಿದ್ದೆ. ಇದಕ್ಕೆ ಚಿತ್ರದ ಎಣ್ಣೆ ತಗುಲಿ ಇನ್ನೂ ಹಸಿಯಾಗಿತ್ತು, ಬ್ರಷ್ಷಿನ ಗೆರೆ ಉಳಿದಿತ್ತು. ಎಡದಿಂದ ಬಲಕ್ಕೆ ಉಸಿರು ಬಿಡದೆ ಎಳೆದು, ಕೊನೆಗೆ ಬ್ರಷ್ಷನ್ನು ಗರಿಯಂತೆ ಎತ್ತುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರ ಏಣಿ ಹಿಡಿದುಕೊಂಡೇ ನಾನು ಬೆಳೆದವಳು. ಅಡ್ಡಪಟ್ಟಿ ಸೊಟ್ಟ ಎಂದು ಅವರು ಬರೆದಾಗಲೇ ನನಗೆ ಹೊಳೆಯಬೇಕಿತ್ತು.

ನಿಮ್ಮನ್ನು ಕೇಳುವುದು ಬೇರೆ. ರಂಗೋಲಿ ಪುಡಿಯ ಮೇಲೆ ಅವರ ಕಾಲಿನ ಗುರುತು ಒಂದೂ ಇರಲಿಲ್ಲ. ಹತ್ತಾರು ಮಂಗಳವಾರ ಅವರನ್ನು ಹೊಸ್ತಿಲ ಹೊರಗೇ ಕೂರಿಸಿದಿರಿ. ಯಾಕೆ? ನೀವು ಎರಡು ದಿನ ಯೋಚಿಸಿ ಬೀಗದ ಕೈ ಕೊಟ್ಟಿರಲ್ಲ, ಆ ಯೋಚನೆ ಇನ್ನೂ ಮುಗಿದಿಲ್ಲವೇ? ಟೀ ಕೊಟ್ಟಿದ್ದರೆ ಯಾವ ಲೋಟದಲ್ಲಿ ಕೊಟ್ಟಿರಿ?

ಲಾವಣ್ಯಳ ರೂಮಿನ ವಿಳಾಸ ಹಿಂದೆ ಬರೆದಿದ್ದೇನೆ.

ತನುಜ

*

ಸಾದಲಿ
೨೨ ಜನವರಿ

ತನುಜಮ್ಮನಿಗೆ ಶ್ಯಾಮಲಮ್ಮ ಬರೆಯೋದು.

ನಂಗೆ ನಿನ್ನಂಗೆ ಪುಸ್ತಕದ ಮಾತು ಬರಲ್ಲ. ಬಾಯಲ್ಲಿ ಬಂದಂಗೆ ಬರೀತೀನಿ, ಸಿಟ್ಟು ಮಾಡ್ಕೊಬೇಡ, ಆಗ್ಲೇ ಮಾಡ್ಕೊಂಡಿದ್ದೀಯ, ಇನ್ನೂ ಜಾಸ್ತಿ ಮಾಡ್ಕೊಬೇಡ.

ನಿಮ್ಮಪ್ಪ ಬಂದಿದ್ದು ದಸರಾ ಹತ್ರ. ನೀನು ಉಣ್ತೀಯೋ ಇಲ್ವೋ ನೋಡಕೆ ಅಂತ. ನೀನಿಲ್ಲದ ದಿನ ನೋಡ್ಕೊಂಡೇ ಬಂದ್ರು. ಮೊದಲ್ನೇ ದಿನ ನಾನು ಒಳಗೆ ಬಾ ಅನ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಬಾಯಿಗೆ ಬರ್ಲಿಲ್ಲ. ನಮ್ಮತ್ತೆ ಕಾಲದಿಂದ ಬಾಯಿಗೆ ಅಭ್ಯಾಸ ಇಲ್ಲ. ಅವರು ಜಗಲಿ ಮೇಲೆ ಕೂತು ಸ್ಟೂಲು ತರ್ಸಿ ರಿಪೇರಿ ಮಾಡಿ ಹೋದ್ರು. ಆ ವಾರ ಪೂರ್ತಿ ನಂಗೆ ಸರಿ ಅನ್ನಿಸ್ಲಿಲ್ಲ. ಮುಂದಿನ ಮಂಗಳವಾರ ನಾನೇ "ಒಳಗೆ ಬನ್ನಿ, ಮಗಳ ಕೋಣೆ ನೋಡಿ" ಅಂದೆ. ಆವಾಗ ಅವರು ಬರ್ಲಿಲ್ಲ! "ಶಪಥ ಐತಮ್ಮ, ಹೊಸ್ತಿಲು ದಾಟಂಗಿಲ್ಲ, ಹೊರಗೇ ತಂದ್ಕೊಡಿ" ಅಂದ್ರು. ಎಂಥಾ ಮೊಂಡ ಮನುಷ್ಯ. ಲೋಟ ಕೇಳ್ತೀಯಲ್ಲ, ನಮ್ಮೆಜಮಾನ್ರು ಕುಡೀತಿದ್ದ ಹಿತ್ತಾಳೆ ಲೋಟ. ಮೊದಲ್ನೇ ದಿನ ಮಾತ್ರ ಟೀನೇ ಕೊಡ್ಲಿಲ್ಲ.

ಮೂಲೇಲಿ ಇರೋದ್ರಲ್ಲಿ ಒಂದು ತಂದ್ಕೊಡೋದು ನನ್ನ ಕೆಲಸ. ಅವತ್ತು ತಂದಿದ್ದು ಬೆಳ್ಳಗಿತ್ತು. ಅದ್ರಲ್ಲಿ ಏನೈತೆ ಅಂತ ನನಗೆ ಮೊದ್ಲೂ ಕಂಡಿರ್ಲಿಲ್ಲ, ಅವತ್ತೂ ಕಾಣ್ಲಿಲ್ಲ. ತಪ್ಪು ನನ್ನ ಕಣ್ಣಿಂದು. ನೀನು ಅದನ್ನ ಅಲ್ಲಿ ಯಾಕಮ್ಮಾ ಇಟ್ಟೆ? ಮೋಹನನಿಗೆ ಹೆದರ್ಕೊಂಡಾ? ಆ ಪೆದ್ದ ಬರೋದು ನನ್ನ ಮುದ್ದೆ ಬಸ್ಸಾರಿಗೆ. ಅವನ ಕ್ಯಾಮೆರಾ ತೆಗೆಯೋದು ಮದುವೆ ಮತ್ತೆ ಸತ್ತೋರ ಫೋಟೋ.

ಒಂದು ಬೆಳೆ ರೋಗ ಬಂದು ಹೋದ್ರೆ ನಾವು ಹುಳ ಹೂತು, ಕೋಣೆ ತೊಳ್ದು, ಸುಣ್ಣ ಹೊಡ್ದು, ಬಾಗಿಲು ಮುಚ್ಚಿ, ಹದಿನೈದು ದಿನ ಆದ್ಮೇಲೆ ಮತ್ತೆ ಮೊಟ್ಟೆ ತರ್ತೀವಿ. ನಿಂದು ಹನ್ನೊಂದು ದಿನ ಆಯ್ತು. ಇನ್ನು ನಾಲ್ಕು ದಿನ ಇರು. ಆಮೇಲೆ ಬಾ. ಕೋಣೆ ಬೇರೆ ಯಾರಿಗೂ ಕೊಟ್ಟಿಲ್ಲ.

ಶ್ಯಾಮಲಮ್ಮ

*

ಗೌರಿಬಿದನೂರು
೩೦ ಜನವರಿ ೨೦೦೬

ತನುಜಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದು ಇದು.

ಮೊದಲು ಸುಳ್ಳುಗಳನ್ನು ಇಳಿಸುತ್ತೇನೆ. ಹದಿನೆಂಟು ಬೋರ್ಡಿನ ಶಾಲೆ ಇಲ್ಲ. ಆಗಸ್ಟಿನಿಂದ ಒಂದೂ ಬೋರ್ಡು ಬಂದಿಲ್ಲ. ಊರ ತುಂಬ ಫ್ಲೆಕ್ಸ್ ಆಗಿದೆ. ಬೆಳಗ್ಗೆ ಹೇಳಿದರೆ ಸಂಜೆಗೆ ಕಟ್ಟುತ್ತಾರೆ, ನನಗೆ ಬೆಳಗ್ಗೆ ಹೇಳಿದರೆ ಸಂಜೆಗೆ ಬರೀ ಗೆರೆ ಹೊಡೆದಿರುತ್ತೇನೆ. ಮಂಗಳವಾರ ಬೋರ್ಡುಗಳಿಗೆ ಬಿಳಿ ಹೊಡೆಯುವ ದಿನ, ನಿನಗೆ ಗೊತ್ತು. ನನ್ನ ಗುರುಗಳ ಕಾಲದಿಂದ ಹಾಗೆ. ಬೋರ್ಡು ಇಲ್ಲದಿದ್ದರೂ ಮಂಗಳವಾರ ಬಂದುಬಿಡುತ್ತದೆ. ಕೈ ಸುಮ್ಮನಿರುವುದಿಲ್ಲ. ನಿನ್ನ ಜಗಲಿಯಲ್ಲಿ ಬಳಿಯಲು ಬಟ್ಟೆ ಇತ್ತು. ಆಸ್ಪತ್ರೆ ಎಂದು ಕೇಳಿದ್ದೆಯಲ್ಲ, ಹೆಚ್ಚುಕಮ್ಮಿ ಅದೇ ಎಂದು ತಿಳಿ.

ಶಪಥ ಮುರಿಯಬಾರದೆಂದು ಒಳಗೆ ಬರಲಿಲ್ಲ. ಒಳಗೆ ಬಂದಿದ್ದರೆ ಆ ಚಿತ್ರ ಸ್ಟ್ಯಾಂಡಿನ ಮೇಲಿದ್ದಾಗಲೇ ನೋಡಿರುತ್ತಿದ್ದೆ. ನನ್ನ ಕಳ್ಳತನ ಮುಚ್ಚಲು ಆ ಫ್ಲೆಕ್ಸಿನವನ ಹೆಸರು ಮುಂದೆ ಮಾಡಿದೆ. ಅಡಗಿಸು ಎಂದವನೂ ನಾನೇ. ನಿನ್ನ ಜನವರಿಯ ಕಾಗದ ನನ್ನ ಕೈಗೆ ಸಿಕ್ಕಿದ್ದು ಹನ್ನೊಂದನೆಯ ತಾರೀಕು, ಬಳಿದ ಮಾರನೆಯ ದಿನ. ಅದರಲ್ಲಿ ಬಿಳಿ ಹುಳುವಿನ ವಿಷಯ ಓದಿ ಅಂಗಡಿಯ ಬಾಗಿಲು ಹಾಕಿಕೊಂಡೆ.

ಅವತ್ತು ಬಟ್ಟೆ ಜಗಲಿಗೆ ಬಂದಾಗ ಏನಂದುಕೊಂಡೆ ಗೊತ್ತೇ? ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಬೂದಿ, ಸಮ ಇಲ್ಲ. ಮಗಳು ತಾನೇ ಬಿಳಿ ಹೊಡೆಯಲು ಕಲಿಯುತ್ತಿದ್ದಾಳೆ, ಕೆಡಿಸಿದ್ದಾಳೆ ಎಂದು ಖುಷಿಪಟ್ಟೆ. ಸರಿ ಮಾಡಿಕೊಡಲು ಕೂತೆ.

ಶ್ಯಾಮಲಮ್ಮನಿಗೂ ಹೇಳದ ಒಂದು ಮಾತಿದೆ. ಅರ್ಧ ಬಳಿದ ಮೇಲೆ ಕೆಳಗಿನ ಮೂಲೆಯಲ್ಲಿ ಒಂದು ಗೆರೆ ಕಂಡಿತು, ಹುಳುವಿನ ಬೆನ್ನು ಬಾಗಿದ ಹಾಗೆ. ಕೈ ನಿಂತಿತು. ಮೂವತ್ತೆಂಟು ವರ್ಷ ಗೆರೆ ಎಳೆದವನಿಗೆ, ಬೇಕೆಂದೇ ಎಳೆದ ಗೆರೆ ಯಾವುದು, ಬಿದ್ದ ನೆರಳು ಯಾವುದು ತಿಳಿಯುವುದಿಲ್ಲವೇ? ತಿಳಿಯಿತು. ಆದರೆ ಅರ್ಧ ಬಳಿದಾಗಿತ್ತು. ಅದು ಗೆರೆ ಎಂದು ಒಪ್ಪಿದರೆ ಆಗಲೇ ಬಳಿದದ್ದು ಏನು ಎಂದು ಒಪ್ಪಬೇಕಿತ್ತು. ನೆರಳು ಎಂದುಕೊಂಡು ಅದರ ಮೇಲೂ ಎಳೆದುಬಿಟ್ಟೆ.

ಊರಿನಲ್ಲಿ ಎಲ್ಲರ ಮೇಲೂ ಅನುಮಾನ ಪಡುವವನು ನಾನು. ಅವತ್ತು ಒಂದು ಕ್ಷಣ ನನ್ನ ಕೈಯ ಮೇಲೆ ಪಟ್ಟಿದ್ದರೆ ಅರ್ಧವಾದರೂ ಉಳಿಯುತ್ತಿತ್ತು.

ಇನ್ನು ಬರುವುದಿಲ್ಲ. ಬ್ರಷ್ಷುಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ್ದೇನೆ. ನೀನು ನಿಲ್ಲಿಸಬೇಡ. ಇದು ಉಪದೇಶವಲ್ಲ, ಬೇಡಿಕೆ.

ಗಂಗರಾಜು

*

ಸಾದಲಿ
೧ ಮಾರ್ಚ್ ೨೦೦೬, ಬುಧವಾರ

ಅಪ್ಪನಿಗೆ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದಿದ್ದರೆ ನಿನಗೆ ಓದಲು ಆಗುತ್ತಿರಲಿಲ್ಲ. ಕೋಪ ಪೂರ್ತಿ ಹೋಗಿದೆ ಎಂದು ಈಗಲೂ ತಿಳಿಯಬೇಡ. ಆ ಮೂಲೆಯ ಗೆರೆಯ ವಿಷಯ ನೀನು ಬರೆಯದೆ ಇದ್ದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಬರೆದೆಯಲ್ಲ ಎಂದು ಒಂದು ದಿನ ಸಮಾಧಾನ, ಬಳಿದೆಯಲ್ಲ ಎಂದು ಇನ್ನೊಂದು ದಿನ ಉರಿ. ಪಾಳಿಯ ಪ್ರಕಾರ ನಡೆಯುತ್ತಿದೆ.

ಶ್ಯಾಮಲಮ್ಮ ಹೇಳಿದ ಲೆಕ್ಕಕ್ಕೆ ಹದಿನಾರನೆಯ ದಿನ ವಾಪಸು ಬಂದೆ. ಮೊದಲ ದಿನ ಬ್ರಷ್ಷು ತೊಳೆದೆ, ಅಷ್ಟೇ. ಎರಡನೆಯ ದಿನ ನೆಲ ಗುಡಿಸಿದೆ. ಮೂರನೆಯ ದಿನವೂ ಚಿತ್ರ ಬರಲಿಲ್ಲ, ಆದರೂ ನಾಲ್ಕು ಹೊತ್ತು ಕೂತೆ. ಒಂಬತ್ತನೆಯ ದಿನ ಕೈ ಓಡಿತು. ಆ ಹುಳುಗಳನ್ನು ಮತ್ತೆ ಬರೆಯಲು ಹೋಗಲಿಲ್ಲ. ಅವು ಗೂಡು ಕಟ್ಟಿ ಮಾರುಕಟ್ಟೆಗೆ ಹೋಗಿಯಾಯಿತು. ಶ್ಯಾಮಲಮ್ಮನ ಮೊಣಕಾಲು ಬರೆದೆ. ಅವರು ನೋಡಿ "ಇದು ಕಾಣ್ತದೆ" ಎಂದು ಪ್ರಮಾಣಪತ್ರ ಕೊಟ್ಟರು. ಲೋಟದ ವಿಷಯ ನಾವಿಬ್ಬರೂ ಮತ್ತೆ ಎತ್ತಿಲ್ಲ. ಮೊದಲ ದಿನದ್ದನ್ನು ಅವರು ಮುಚ್ಚಿಡಲಿಲ್ಲ, ನಾನು ಮರೆತಿಲ್ಲ. ಅದರ ಜೊತೆಗೇ ದಿನಾ ಒಟ್ಟಿಗೆ ಉಣ್ಣುತ್ತಿದ್ದೇವೆ. ಮೋಹನ್‌ಬಾಬುವಿನ ಕ್ಷಮೆ ಕೇಳಿದೆ. ಯಾತಕ್ಕೆ ಎಂದು ಅವನಿಗೆ ಕೊನೆಗೂ ಅರ್ಥವಾಗಲಿಲ್ಲ.

ಶನಿವಾರ ಗ್ಯಾಲರಿಯ ಮೇಡಂ ಬಂದಿದ್ದರು. ಎಣಿಸಿ "ಹನ್ನೊಂದೇ ಇದೆಯಲ್ಲ, ಹನ್ನೆರಡನೆಯದು?" ಎಂದರು. "ನಮ್ಮಪ್ಪ ಅದಕ್ಕೆ ಬಿಳಿ ಹೊಡೆದುಬಿಟ್ಟರು" ಎಂದೆ. ತಮಾಷೆ ಎಂದು ನಕ್ಕರು. ಪ್ರದರ್ಶನ ಈಗ ಇಲ್ಲ. ನಾಲ್ಕು ಚಿತ್ರಗಳನ್ನು ಜುಲೈಯಲ್ಲಿ ಬೇರೆಯವರ ಜೊತೆ ತೂಗುಹಾಕುತ್ತಾರಂತೆ. ಉಳಿದದ್ದನ್ನು ನೋಡಲು ಮಳೆಗಾಲ ಮುಗಿದ ಮೇಲೆ ಮತ್ತೆ ಬರುತ್ತಾರಂತೆ. ಟೀಯನ್ನೂ ಕುಡಿದರು. ಹೋಗುವಾಗ ಒಂದು ಖಾಲಿ ಬಟ್ಟೆಯನ್ನು ಸವರಿ "ಇಷ್ಟು ಒಳ್ಳೆಯ ಬಿಳಿ ಎಲ್ಲಿ ಹೊಡೆಸುತ್ತೀರಿ?" ಎಂದು ಕೇಳಿದರು. ನಾನು ಹೇಳಲಿಲ್ಲ. ಅವರ ಮೇಲೆ ನನಗೆ ಸ್ವಲ್ಪ ಅನುಮಾನ.

ಆದ್ದರಿಂದ ಕಾನೂನು ಪ್ರಕಾರ ಪರಿಸ್ಥಿತಿ ಹೀಗಿದೆ. ಹನ್ನೆರಡು ಆಗಿಲ್ಲ. ನಿನ್ನ ಶಪಥ ಜಾರಿಯಲ್ಲಿದೆ. ನೀನು ಮಾತಾಡುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಜಗಲಿಯ ಬಗ್ಗೆ ಶಪಥದಲ್ಲಿ ಏನೂ ಹೇಳಿಲ್ಲ. ಚಿಂತಾಮಣಿಯ ಪಾಠವನ್ನು ನಾನು ಗುರುವಾರಕ್ಕೆ ಬದಲಾಯಿಸಿಕೊಂಡಿದ್ದೇನೆ. ಇನ್ನು ಮಂಗಳವಾರ ನಾನು ಇಲ್ಲೇ ಇರುತ್ತೇನೆ. ಬಟ್ಟೆಗಳನ್ನು ನಾನೇ ಎತ್ತಿ ತಂದು ಕೊಡುತ್ತೇನೆ, ಎರಡೂ ಬದಿ ತೋರಿಸಿ. ನೀನು ಹೊರಗೆ ಬಳಿ, ನಾನು ಒಳಗೆ ಬರೆಯುತ್ತೇನೆ. ಮಾತು ಬೇಕಾಗಿಲ್ಲ. ಗೆರೆಯೇನಾದರೂ ಕಂಡರೆ ಕೆಮ್ಮು.

ಈ ಮಂಗಳವಾರಕ್ಕೆ ಏಳು ಚೌಕಟ್ಟು ಕಾದಿವೆ, ಹೊಸ ಬಡಗಿಯವು. ಅಟ್ಟದಿಂದ ಗಂಟು ಇಳಿಸು.

ಬರುವಾಗ ನಿನ್ನ ಹಳೆಯ ಪಂಚೆ ಎರಡು ತಾ, ಬಣ್ಣ ಒರೆಸಲು ಇಲ್ಲಿ ಬಟ್ಟೆ ಪೂರ್ತಿ ಮುಗಿದಿದೆ. ಹತ್ತಿಯದೇ ಇರಲಿ, ಗಂಜಿ ಹಾಕಿದ್ದು ಬೇಡ.

ತನುಜ